ಜುಲೈನಲ್ಲಿ ದ್ರಾಕ್ಷಿ ತೋಟಕ್ಕೆ ಹೋದೆವು, ಒಂದು ದ್ರಾಕ್ಷಿಯೂ ಕಾಣಲಿಲ್ಲ

ಗಿರಿನಗರದ ಗೂಬೆ

ಜುಲೈ ಎರಡನೇ ವಾರ ನಾಶಿಕ್ ಹತ್ತಿರದ ಒಂದು ದ್ರಾಕ್ಷಿ ತೋಟದಲ್ಲಿ ಒಂದು ರಾತ್ರಿ ಉಳಿದು ಬಂದೆವು. ನಾನು, ನನ್ನ ಹೆಂಡತಿ. ಬಳ್ಳಿಗಳು ಸಾಲು ಸಾಲಾಗಿ ಗುಡ್ಡದವರೆಗೂ ಇದ್ದವು. ದ್ರಾಕ್ಷಿ ಮಾತ್ರ ಒಂದೂ ಇರಲಿಲ್ಲ. ಬೆಳಗಿನ ತಿಂಡಿ ಟೇಬಲ್ ಮೇಲೆ ಒಂದು ಬಟ್ಟಲು ದ್ರಾಕ್ಷಿ ಇಟ್ಟಿದ್ದರು. ಕೇಳಿದರೆ ಮಾರ್ಕೆಟ್‌ನಿಂದ ತಂದದ್ದಂತೆ!

ಹೆಂಡತಿಯ ಅಣ್ಣ ಪುಣೆಯಲ್ಲಿದ್ದಾರೆ. ಮದುವೆಯಾಗಿ ಹತ್ತು ವರ್ಷ ಆಯ್ತು, ಎಲ್ಲಾದರೂ ಹೋಗೋಣ ಅಂತ ಅವಳು ಹೇಳುತ್ತಲೇ ಇದ್ದಳು. ಭಾವನ ಕಾರು ಇತ್ತು. ಪುಣೆಯಿಂದ ನಾಶಿಕ್ ಸುಮಾರು 210 ಕಿಲೋಮೀಟರ್. ನಾರಾಯಣಗಾಂವ್, ಸಂಗಮನೇರ್, ಸಿನ್ನರ್ ದಾಟಿ ಹೋಗುವ ದಾರಿ. ಸಿನ್ನರ್ ದಾಟುವಾಗ ಶುರುವಾದ ಮಳೆ ಮಾರನೇ ದಿನ ನಾವು ಹೊರಡುವ ತನಕ ನಿಲ್ಲಲಿಲ್ಲ.

ಜಾಗ ಗಂಗಾಪುರ ಅಣೆಕಟ್ಟಿನ ಕಡೆ. ಹೆಸರು ಬೇಡ ಬಿಡಿ. ಅಲ್ಲಿನ ಹುಡುಗರು ಒಳ್ಳೆಯವರು. ಬೈಯಬೇಕಾದದ್ದು ವೆಬ್‌ಸೈಟಿಗೆ ಫೋಟೋ ಹಾಕಿದವರನ್ನು. ಕಪ್ಪಗೆ ಮಿರಿಮಿರಿ ಮಿಂಚುವ ಗೊಂಚಲು, ಅದರ ಮೇಲೆ ಇಬ್ಬನಿ. ಇದು ಯಾವ ತಿಂಗಳ ಫೋಟೋ ಅಂತ ಎಲ್ಲೂ ಬರೆದಿಲ್ಲ. 'ವೈನ್‌ಯಾರ್ಡ್ ವ್ಯೂ' ರೂಮಿಗೆ ಜಾಸ್ತಿ ದುಡ್ಡು ಕೊಟ್ಟಿದ್ದೆ. ಬಾಲ್ಕನಿಯ ಎದುರಿಗೆ ಜನರೇಟರ್ ಶೆಡ್. ಕತ್ತು ಎಡಕ್ಕೆ ಚೆನ್ನಾಗಿ ತಿರುಗಿಸಿದರೆ ಎರಡು ಸಾಲು ಬಳ್ಳಿ.

ಸಂಜೆ ನಾಲ್ಕಕ್ಕೆ ವೈನ್ ಮಾಡುವ ಜಾಗ ತೋರಿಸಿದರು. ದೊಡ್ಡ ದೊಡ್ಡ ಸ್ಟೀಲ್ ಟ್ಯಾಂಕು, ಮುಟ್ಟಿದರೆ ತಣ್ಣಗೆ. ಹಣ್ಣು ಹಿಂಡುವ ಯಂತ್ರ ತೊಳೆದು ಮೂಲೆಯಲ್ಲಿ ನಿಲ್ಲಿಸಿದ್ದರು. ಮದುವೆ ಮುಗಿದ ಮಾರನೇ ದಿನದ ಛತ್ರದ ಹಾಗಿತ್ತು. ಆಮೇಲೆ ಟೇಸ್ಟಿಂಗ್. ಆರು ಬಗೆ, ಒಂದೊಂದೂ ಎರಡು ಗುಟುಕಿಗಾಗುವಷ್ಟು. ಮೊದಲು ಬಿಳಿ, ಆಮೇಲೆ ರೋಸೆ ಅನ್ನುವ ಗುಲಾಬಿ ಬಣ್ಣದ್ದು, ಆಮೇಲೆ ಕೆಂಪು, ಕೊನೆಗೆ ಸಿಹಿ.

ಇಲ್ಲಿ ಮಜಾ ಆಯ್ತು. ಹೇಳಿಕೊಡುವ ಹುಡುಗ ಗ್ಲಾಸು ತಿರುಗಿಸಿ, ಮೂಗು ಒಳಗಿಟ್ಟು, "ಏನು ವಾಸನೆ ಬರ್ತಿದೆ?" ಅಂದ. ನಮ್ಮ ಟೇಬಲಿನಲ್ಲಿ ಮುಂಬೈನ ನಾಲ್ಕು ಜನ ಇದ್ದರು. ಲಿಚಿ, ಪೀಚ್, ಎಲ್ಡರ್‌ಫ್ಲವರ್ ಅಂತ ಶುರು ಮಾಡಿದರು. ನಾನು ಎಲ್ಲದಕ್ಕೂ ಮಾವಿನಹಣ್ಣು ಅಂದೆ. ನನ್ನ ಹೆಂಡತಿ ಜನ್ಮದಲ್ಲಿ ವೈನ್ ಮುಟ್ಟಿದವಳಲ್ಲ. ಎರಡನೇ ಗ್ಲಾಸು, ಸೋವಿನ್ಯೋ ಬ್ಲಾಂ ಅನ್ನುವ ಬಿಳಿ ವೈನ್, ಮೂಸಿದ ಕೂಡಲೇ "ಇದು ದೊಣ್ಣೆಮೆಣಸಿನಕಾಯಿ ಹೆಚ್ಚಿದಾಗ ಬರೋ ವಾಸನೆ" ಅಂದಳು. ನಾನು ಹಿಂದಿಯಲ್ಲಿ ಹೇಳಿದೆ. ಹುಡುಗ ಚಪ್ಪಾಳೆ ತಟ್ಟಿಬಿಟ್ಟ. ಆ ತಳಿಯ ದ್ರಾಕ್ಷಿಯಲ್ಲಿಯೂ ದೊಣ್ಣೆಮೆಣಸಿನಕಾಯಿಯಲ್ಲಿಯೂ ಒಂದೇ ಜಾತಿಯ ವಾಸನೆಯ ಅಂಶ ಇದೆಯಂತೆ. ಕೆಂಪು ವೈನ್ ಬಂದಾಗ ಆತ ಟ್ಯಾನಿನ್, ಟ್ಯಾನಿನ್ ಅಂತ ಹತ್ತು ನಿಮಿಷ ವಿವರಿಸಿದ. ಇವಳು ಒಂದು ಗುಟುಕು ಕುಡಿದು ನನ್ನ ಕಡೆ ತಿರುಗಿ "ಒಗರು. ಹಸಿ ಅಡಿಕೆ" ಅಂದಳು. ಮುಗಿಯಿತು.

ಬೆಳಗ್ಗೆ ಆರಕ್ಕೆ ಜಿಟಿಜಿಟಿ ಮಳೆಯಲ್ಲಿ ಛತ್ರಿ ಹಿಡಿದು ಸಾಲುಗಳ ನಡುವೆ ನಡೆದೆವು. ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡ ಒಬ್ಬ ವಯಸ್ಸಾದ ಕೆಲಸದವರು ಚಿಗುರುಗಳನ್ನು ತಂತಿಗೆ ಕಟ್ಟುತ್ತಿದ್ದರು. ಹಣ್ಣು ಎಲ್ಲಿ ಅಂತ ಸನ್ನೆ ಮಾಡಿದೆ. ಅವರು ಒಂದು ಕಡ್ಡಿ ಹಿಡಿದು "ಡೋಳಾ, ಡೋಳಾ" ಅಂದರು. ಡೋಳಾ ಅಂದರೆ ಮರಾಠಿಯಲ್ಲಿ ಕಣ್ಣು ಅಂತ ಇವಳಿಗೆ ಗೊತ್ತಿತ್ತು. ಪಾಪ, ಕಣ್ಣಿಗೆ ಏನೋ ಬಿದ್ದಿದೆ ಅಂತ ಅಂದುಕೊಂಡು ಇವಳು ಕರ್ಚೀಫ್ ಕೊಡಲು ಹೋದಳು. ಅವರು ನಕ್ಕು ನಕ್ಕು ಸುಸ್ತಾದರು. ಏನು ಹೇಳಿದರು ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ.

ಇಲ್ಲಿ ಯಾರಾದರೂ ಹೋಗಿದ್ದೀರಾ? ಯಾವ ತಿಂಗಳು? ನಿಮಗಾದರೂ ದ್ರಾಕ್ಷಿ ಕಂಡಿತಾ?

ಲೆಕ್ಕಾಚಾರಿ

ಒಟ್ಟು ಎಷ್ಟು ಬಿತ್ತು ಅಂತ ಜಾಣತನದಿಂದ ಬಿಟ್ಟಿದ್ದೀರಿ.

ಗಿರಿನಗರದ ಗೂಬೆ

ರೂಮು 9,000, ತೆರಿಗೆ ಬೇರೆ. ಟೇಸ್ಟಿಂಗ್ ಬೇರೆ. ರಾತ್ರಿ ಊಟ ಬೇರೆ. ಎರಡು ಬಾಟಲಿ ತಂದೆವು, ಅದೂ ಬೇರೆ. ಒಟ್ಟು ಕೂಡಿಸಿಲ್ಲ, ಕೂಡಿಸುವುದೂ ಇಲ್ಲ.

ಲೆಕ್ಕಾಚಾರಿ

ಅಷ್ಟು ದುಡ್ಡಿಗೆ ಹಾಪ್‌ಕಾಮ್ಸ್‌ನಲ್ಲಿ ಎಷ್ಟು ದ್ರಾಕ್ಷಿ ಬರುತ್ತಿತ್ತು ಯೋಚಿಸಿ. ವಾಸನೆ ನೋಡಿ ಮೆಣಸಿನಕಾಯಿ ಅಂತ ಹೇಳೋಕೆ ಒಂಬತ್ತು ಸಾವಿರ ಕೊಡಬೇಕಾ ಸ್ವಾಮಿ? ನಮ್ಮ ಅಡುಗೆಮನೆಗೆ ಬನ್ನಿ, ಫ್ರೀ.

ತಿಕೋಟಾ ತೋಟದವ

ಗೂಬೆ ಸರ್, ನಿಮ್ಮ ಬರಹ ಓದಿ ನಮ್ಮ ಮನೆಯವರಿಗೂ ಓದಿ ಹೇಳಿದೆ. ಆ ಹಿರಿಯರು ನಿಮಗೆ ಸರಿಯಾದ ಉತ್ತರವನ್ನೇ ಕೊಟ್ಟಿದ್ದಾರೆ. ನಿಮಗೆ ತಿಳಿಯಲಿಲ್ಲ ಅಷ್ಟೇ.

ನಮ್ಮದು ವಿಜಯಪುರ ಜಿಲ್ಲೆ. ಐದು ಎಕರೆ ದ್ರಾಕ್ಷಿ, ಥಾಮ್ಸನ್ ಸೀಡ್‌ಲೆಸ್. ವೈನ್ ತಳಿ ಅಲ್ಲ, ಮಣೂಕ ಮಾಡುತ್ತೇವೆ, ನೀವು ಒಣದ್ರಾಕ್ಷಿ ಅಂತೀರಲ್ಲ, ಅದು. ಆದರೆ ಬಳ್ಳಿಯ ಸ್ವಭಾವ ಒಂದೇ.

ಮರಾಠಿಯಲ್ಲಿ ಡೋಳಾ ಅಂದರೆ ಕಣ್ಣು ಹೌದು. ಬಳ್ಳಿಯ ಮೊಗ್ಗಿಗೂ ಅದೇ ಹೆಸರು. ನಾವೂ ಕಬ್ಬಿನ ಕಣ್ಣು, ದ್ರಾಕ್ಷಿ ಕಣ್ಣು ಅಂತೀವಲ್ಲ, ಹಾಗೆ. ಎಲೆಯ ತೊಟ್ಟು ಕಡ್ಡಿಗೆ ಸೇರುವ ಸಂದಿಯಲ್ಲಿ ಒಂದು ಉಬ್ಬು ಇರುತ್ತದೆ ನೋಡಿ. ನೀವು ಹಣ್ಣು ಎಲ್ಲಿ ಅಂತ ಕೇಳಿದಿರಿ. ಅವರು ಆ ಕಣ್ಣನ್ನು ತೋರಿಸಿ ಇದರೊಳಗೆ ಇದೆ ಅಂದರು. ಸುಮ್ನೆ ಮಾತಿಗೆ ಹೇಳಿದ್ದಲ್ಲ. ಬರುವ ಫೆಬ್ರವರಿಯ ಗೊಂಚಲು ಈ ಮಳೆಗಾಲಕ್ಕೆ ಮುಂಚೆಯೇ ಕಣ್ಣಿನೊಳಗೆ ಕೂತಿರುತ್ತದೆ. ಕಣ್ಣು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾಣುತ್ತದೆ. ನಮ್ಮಲ್ಲಿ ಕೆಲವರು ಕಡ್ಡಿ ತುಂಡು ಕತ್ತರಿಸಿಕೊಂಡು ಹೋಗಿ ಪರೀಕ್ಷೆ ಮಾಡಿಸುತ್ತಾರೆ. ಯಾವ ಕಣ್ಣಿನಲ್ಲಿ ಗೊನೆ ಇದೆ ಅಂತ ತಿಳಿದ ಮೇಲೆ ಎಲ್ಲಿಗೆ ಕತ್ತರಿಸಬೇಕು ಅಂತ ನಿರ್ಧಾರ.

ಯೂರೋಪಿನಲ್ಲಿ ಚಳಿಗೆ ಬಳ್ಳಿ ಎಲೆ ಉದುರಿಸಿ ತಾನೇ ಮಲಗುತ್ತದೆ. ನಮ್ಮ ಕಡೆ ಅಂಥ ಚಳಿ ಎಲ್ಲಿದೆ? ಬಳ್ಳಿಗೆ ಮಲಗುವುದೇ ಗೊತ್ತಿಲ್ಲ. ಹಂಗೇ ಬಿಟ್ಟರೆ ವರ್ಷವಿಡೀ ಬೆಳೆಯುತ್ತಾ ಹೋಗುತ್ತದೆ. ಅದಕ್ಕೇ ವರ್ಷಕ್ಕೆ ಎರಡು ಚಾಟ್ನಿ. ಚಾಟ್ನಿ ಅಂದರೆ ಕತ್ತರಿಸುವುದು, ತಿನ್ನುವ ಚಟ್ನಿ ಅಲ್ರೀ. ಏಪ್ರಿಲ್ ಚಾಟ್ನಿಯಲ್ಲಿ ಪೂರ್ತಿ ಬೋಳು ಮಾಡುತ್ತೇವೆ. ಆಗ ಬರುವ ಚಿಗುರು ಹಣ್ಣಿಗಲ್ಲ, ಕಡ್ಡಿ ಬಲಿಯಲು. ಕಣ್ಣಿನೊಳಗೆ ಗೊನೆ ಕೂರುವುದು ಆ ಚಾಟ್ನಿ ಆಗಿ ಸುಮಾರು ಒಂದೂವರೆ ಎರಡು ತಿಂಗಳಲ್ಲಿ. ಆಗ ಬಿಸಿಲು ಬೀಳಬೇಕು, ನೀರು ಹಿಡಿತದಲ್ಲಿರಬೇಕು. ಆಮೇಲೆ ಮಳೆ ಮುಗಿಯುವಾಗ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ, ಎರಡನೇ ಚಾಟ್ನಿ. ಅದು ಹಣ್ಣಿನದು. ಕಣ್ಣುಗಳೆಲ್ಲ ಒಟ್ಟಿಗೆ ಒಡೆಯಲಿ ಅಂತ ಔಷಧಿ ಹಚ್ಚುತ್ತೇವೆ. ಅಲ್ಲಿಂದ ನಾಲ್ಕು ತಿಂಗಳ ಮೇಲೆ ಹಣ್ಣು.

ಇದೆಲ್ಲ ಯಾಕೆ ಅಂದರೆ, ಮಳೆಗಾಲದಲ್ಲಿ ಬಳ್ಳಿಯ ಮೇಲೆ ಹಣ್ಣು ಇರಲೇಬಾರದು. ಇದ್ದರೆ ಡೌನಿ ರೋಗ, ಕೊಳೆ, ಎಲ್ಲಾ ಒಟ್ಟಿಗೆ ಬರುತ್ತವೆ. ನೀವು ಹೋಗಿದ್ದು ಜುಲೈ. ನೀವು ದ್ರಾಕ್ಷಿ ಕಂಡಿದ್ದರೆ ಆ ತೋಟದವನು ಹಾಳಾದ ಅಂತ ಅರ್ಥ.

ಇನ್ನೊಂದು ಮಾತು. ಲೆಕ್ಕಾಚಾರಿ ಅವರೇ, ಹಾಪ್‌ಕಾಮ್ಸ್ ದ್ರಾಕ್ಷಿಗೂ ವೈನ್ ದ್ರಾಕ್ಷಿಗೂ ಹೋಲಿಕೆ ಇಲ್ಲ. ವೈನಿನ ಕಾಳು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ತಿನ್ನಲು ನಾವು ಸಕ್ಕರೆ ಅಂಶ 18 ಬ್ರಿಕ್ಸ್ ಆಸುಪಾಸು ಬಂದರೆ ಕೊಯ್ಯುತ್ತೇವೆ. ಕೆಂಪು ವೈನಿಗೆ 23, 24ರ ತನಕ ಕಾಯುತ್ತಾರೆ. ಕಾದಷ್ಟು ದಿನವೂ ಮೋಡ ನೋಡಿದರೆ ಎದೆ ಹೊಡೆದುಕೊಳ್ಳುತ್ತದೆ.

ಗಿರಿನಗರದ ಗೂಬೆ

ಅಣ್ಣಾ, ಇದನ್ನು ಇವಳಿಗೆ ಓದಿ ಹೇಳಿದೆ. ಎರಡು ನಿಮಿಷ ಮಾತಾಡಲಿಲ್ಲ. ಆಮೇಲೆ "ನಾನು ಕರ್ಚೀಫ್ ಕೊಡೋಕೆ ಹೋದೆನಲ್ಲ" ಅಂತ ತಲೆ ಚಚ್ಚಿಕೊಂಡಳು.

ಒಂದು ವಿಷಯ. ಒಂದೂವರೆ ಗಂಟೆ ಟೂರ್ ಮಾಡಿಸಿದರು. ಓಕ್ ಪೀಪಾಯಿ ಫ್ರಾನ್ಸಿನಿಂದ ಬರುತ್ತದೆ, ಒಂದರಲ್ಲಿ 225 ಲೀಟರ್ ಹಿಡಿಯುತ್ತದೆ, ಎಲ್ಲಾ ಹೇಳಿದರು. ಈ ಚಾಟ್ನಿ ಕತೆ ಒಬ್ಬರೂ ಹೇಳಲಿಲ್ಲ!

ಸೌತೆಬೀಜ

ನಾನು ಕುಡಿಯುವುದಿಲ್ಲ. ಗಂಡ ಕುಡಿಯುತ್ತಾರೆ. ನಾನು ಹೋದರೆ ಅಲ್ಲಿ ಏನು ಮಾಡಲಿ, ಜನರೇಟರ್ ಶೆಡ್ ನೋಡಿಕೊಂಡು ಕೂರಲಾ? ಊಟಕ್ಕೆ ಸಸ್ಯಾಹಾರ ಸಿಗುತ್ತಾ, ಅಥವಾ ಚೀಸು ಬ್ರೆಡ್ಡು ಅಷ್ಟೇನಾ?

ಗೋದಾವರಿ ದಂಡೆ

ನಾನು ಧಾರವಾಡದವನು, ನಾಶಿಕ್‌ನಲ್ಲಿ ಒಂಬತ್ತು ವರ್ಷ ಆಯ್ತು. ಕೆಲಸ ಸಾತಪುರ ಇಂಡಸ್ಟ್ರಿಯಲ್ ಏರಿಯಾದಲ್ಲಿ. ಊರಿಂದ ಯಾರೇ ಬರಲಿ, ಒಂದು ದಿನ ತ್ರ್ಯಂಬಕೇಶ್ವರ, ಒಂದು ದಿನ ವೈನ್. ಒಂದೇ ಕಾರಿನಲ್ಲಿ, ಒಂದೇ ಜನ. ಅಭ್ಯಾಸ ಆಗಿಬಿಟ್ಟಿದೆ.

ಸೌತೆಬೀಜ ಅವರೇ, ಸಸ್ಯಾಹಾರಕ್ಕೆ ಯೋಚನೆ ಬೇಡ. ಇಲ್ಲಿ ಎಲ್ಲಾ ಕಡೆ ಸಿಗುತ್ತದೆ. ನನ್ನ ಮಾತು ಕೇಳಿದರೆ ರೆಸಾರ್ಟಿನ ತಿಂಡಿ ಬಿಟ್ಟು ಬೆಳಗ್ಗೆ ಹೊರಗೆ ಹೋಗಿ ಮಿಸಳ್ ತಿನ್ನಿ. ಕಪ್ಪು ಮಸಾಲೆಯ ರಸ, ಮೇಲೆ ಮೊಳಕೆ ಕಾಳು, ಪಕ್ಕದಲ್ಲಿ ಹಪ್ಪಳ, ಮೊಸರು. ಹಿಂದಿನ ರಾತ್ರಿ ಎಷ್ಟು ಕುಡಿದಿದ್ದರೂ ಕಣ್ಣು ಬಿಡುತ್ತದೆ.

ತಿಂಗಳ ವಿಷಯ. ಕೊಯ್ಲು ಜನವರಿ ಕೊನೆಯಿಂದ ಮಾರ್ಚ್‌ವರೆಗೆ. ಹಣ್ಣು ನೋಡಬೇಕು, ಹಿಂಡುವುದು ನೋಡಬೇಕು ಅಂದರೆ ಆವಾಗಲೇ. ವಾಸನೆಯೇ ಬೇರೆ ಇರುತ್ತದೆ, ಇಡೀ ಅಂಗಳ ಹುದುಗು ವಾಸನೆ, ದೋಸೆ ಹಿಟ್ಟು ಉಕ್ಕಿದ ಹಾಗೆ. ಆದರೆ ಫೆಬ್ರವರಿ ಶನಿವಾರ ಭಾನುವಾರ ಬರಬೇಡಿ. ಮುಂಬೈ ಸುಮಾರು 170 ಕಿಲೋಮೀಟರ್ ಅಷ್ಟೇ, ಇಡೀ ಮುಂಬೈ ಇಲ್ಲೇ ಇರುತ್ತದೆ. ಇಲ್ಲಿನ ಸುಲಾ ವೈನ್ ಕಂಪನಿಯವರ ಸಂಗೀತ ಉತ್ಸವ 2008ರಿಂದ ನಡೆದು ಬಂದಿದೆ, ಆ ದಿನಗಳಲ್ಲಂತೂ ನಾವು ಊರಿನವರು ಗಂಗಾಪುರ ರಸ್ತೆಗೇ ಹೋಗುವುದಿಲ್ಲ. ಮಂಗಳವಾರ ಬುಧವಾರ ಬನ್ನಿ. ಅದೇ ರೂಮು, ಕಡಿಮೆ ದುಡ್ಡು, ಹೇಳಿಕೊಡುವ ಹುಡುಗನಿಗೂ ಪುರುಸೊತ್ತು.

ಏಪ್ರಿಲ್ ಮೇ ಬೇಡವೇ ಬೇಡ. ತಿಕೋಟಾದವರು ಹೇಳಿದ ಹಾಗೆ ಬೋಳು ಕಡ್ಡಿ, ಮೇಲೆ ಉರಿಬಿಸಿಲು. ಜುಲೈ ಆಗಸ್ಟ್ ನನ್ನ ಪ್ರಕಾರ ಕೆಟ್ಟ ಆಯ್ಕೆ ಅಲ್ಲ. ಅಣೆಕಟ್ಟು ತುಂಬಿರುತ್ತದೆ, ತ್ರ್ಯಂಬಕೇಶ್ವರದ ಬ್ರಹ್ಮಗಿರಿ ಬೆಟ್ಟದ ಮೇಲೆ ಮೋಡ ಕೂತಿರುತ್ತದೆ. ಹಣ್ಣಿನ ಆಸೆ ಬಿಟ್ಟು ಬರಬೇಕು, ಅಷ್ಟೇ.

ಇದೆಲ್ಲ ತೀರಾ ಹಳೇ ಕತೆ ಅಲ್ಲ. ಸುಲಾ ಶುರುವಾದದ್ದು 1999ರಲ್ಲಿ. ರಾಜೀವ್ ಸಾಮಂತ್ ಅಮೆರಿಕದಲ್ಲಿ ಒರಾಕಲ್ ಕೆಲಸ ಬಿಟ್ಟು ಬಂದು ಮನೆಯವರ ಜಮೀನಿನಲ್ಲಿ ಬಳ್ಳಿ ಹಾಕಿದರು. ಅದಕ್ಕೂ ಮುಂಚೆ ಇಲ್ಲಿ ತಿನ್ನುವ ದ್ರಾಕ್ಷಿ ಬಹಳ ಇತ್ತು, ವೈನಿಗೆ ಅಂತ ಊರಿನ ಹೆಸರು ಇರಲಿಲ್ಲ. ಮಹಾರಾಷ್ಟ್ರ 2001ರಲ್ಲಿ ದ್ರಾಕ್ಷಿ ಸಂಸ್ಕರಣೆ ನೀತಿ ತಂದ ಮೇಲೆ ಒಬ್ಬರ ಹಿಂದೆ ಒಬ್ಬರು ಬಂದರು. ಎಷ್ಟೋ ಜನ ಮುಚ್ಚಿಕೊಂಡೂ ಹೋದರು. ಉಳಿದವರಿಗೆ ವೈನಿನ ಜೊತೆಗೆ ರೂಮು, ಊಟವೂ ಕೈ ಹಿಡಿದಿವೆ.

ಜಯನಗರ ನಾಲ್ಕನೇ ಬ್ಲಾಕ್

ನನ್ನ ಕತೆ ಕೇಳಿ. ಮೂರು ದಿನ ರಜೆ ಒಟ್ಟಿಗೆ ಬಂತು ಅಂತ ಜನವರಿ 26ಕ್ಕೆ ಬುಕ್ ಮಾಡಿದೆ. ಹೋಗಿ ಇಳಿದ ದಿನವೇ ಡ್ರೈ ಡೇ. ಟೇಸ್ಟಿಂಗ್ ಇಲ್ಲ, ಮಾರಾಟ ಇಲ್ಲ. ಟ್ಯಾಂಕು ತೋರಿಸಿ ದ್ರಾಕ್ಷಿ ಜ್ಯೂಸ್ ಕೊಟ್ಟರು. ಬುಕ್ ಮಾಡುವಾಗ ಒಂದು ಮಾತು ಹೇಳಬಹುದಿತ್ತು ಅಲ್ವಾ? ಆಗಸ್ಟ್ 15, ಅಕ್ಟೋಬರ್ 2 ಕೂಡ ಅಷ್ಟೇ. ಚುನಾವಣೆ ದಿನಾಂಕವನ್ನೂ ನೋಡಿಕೊಳ್ಳಿ.

ಸೌತೆಬೀಜ

ಹಾಗಾದರೆ ನಾನು ಜನವರಿ 26ಕ್ಕೇ ಹೋಗುತ್ತೇನೆ. ಗಂಡನಿಗೂ ಜ್ಯೂಸೇ.

ನೆಕ್ಕರ್ ತೀರ

ತಿಕೋಟಾದವರ ಮಾತು ಓದಿ ನಾನೂ ಬರೆಯಬೇಕು ಅನಿಸಿತು. ಮೂಲ ಹಾಸನ, ಈಗ ಜರ್ಮನಿಯ ಸ್ಟುಟ್‌ಗಾರ್ಟ್. ಇಲ್ಲಿ ಊರಿನ ಒಳಗೇ ದ್ರಾಕ್ಷಿ ತೋಟ ಇವೆ. ಟ್ರಾಮ್ ಇಳಿದು ಹತ್ತು ನಿಮಿಷ ನಡೆದರೆ ಇಳಿಜಾರಿನಲ್ಲಿ ಬಳ್ಳಿ. ಈಗ ಹಿಮ ಬಿದ್ದಾಗ ನೋಡಿದರೆ ಒಣಗಿದ ಗೂಟಗಳ ಹಾಗೆ ನಿಂತಿರುತ್ತವೆ. ಕೊಯ್ಲು ಸೆಪ್ಟೆಂಬರ್ ಅಕ್ಟೋಬರ್. ಅಂದರೆ ಇಲ್ಲಿ ಹಣ್ಣು ಕೊಯ್ಯುವಾಗ ನಿಮ್ಮಲ್ಲಿ ಹಣ್ಣಿನ ಚಾಟ್ನಿ. ಇಷ್ಟು ವರ್ಷ ಇದ್ದೂ ನನಗೆ ಇದು ಹೊಳೆದಿರಲಿಲ್ಲ.

ಒಂದು ತಮಾಷೆ ಹೇಳುತ್ತೇನೆ. ಇಲ್ಲಿ ಸಣ್ಣ ಬೆಳೆಗಾರರು ವರ್ಷಕ್ಕೆ ನಾಲ್ಕು ತಿಂಗಳು ಮಾತ್ರ ತಮ್ಮ ಮನೆಯಲ್ಲೇ, ಕೊಟ್ಟಿಗೆಯಲ್ಲೇ, ತಮ್ಮದೇ ವೈನ್ ಮಾರಬಹುದು. ನಲವತ್ತು ಜನಕ್ಕಿಂತ ಜಾಸ್ತಿ ಕೂರಿಸುವಂತಿಲ್ಲ. ಅಂಗಡಿ ತೆರೆದಿದೆ ಅನ್ನುವುದಕ್ಕೆ ಗುರುತೇನು ಗೊತ್ತಾ? ಬಾಗಿಲ ಮುಂದೆ ಪೊರಕೆ ನೇತುಹಾಕುತ್ತಾರೆ. ಬೇಸನ್ ಅಂತ ಕರೆಯುತ್ತಾರೆ, ಬೇಸನ್ ಅಂದರೆ ಪೊರಕೆ. ನಮ್ಮ ಅಮ್ಮ ಬಂದಿದ್ದಾಗ ಕರೆದುಕೊಂಡು ಹೋದೆ. ಬಾಗಿಲಲ್ಲೇ ನಿಂತು "ಪೊರಕೆ ಕಟ್ಟಿದ ಮನೆಗೆ ನಾನು ಕಾಲಿಡಲ್ಲ" ಅಂದುಬಿಟ್ಟರು. ಹೊರಗೆ ಬೆಂಚಿನ ಮೇಲೆ ಕೂರಿಸಿ ದ್ರಾಕ್ಷಿ ರಸ ತಂದುಕೊಟ್ಟೆ.

ಗೂಬೆ ಅವರ ಶ್ರೀಮತಿ ಹೇಳಿದ ಒಗರು ಮಾತಿಗೆ ಬರುತ್ತೇನೆ. ಇಲ್ಲಿನವರಿಗೆ ನಾನು ಆ ರುಚಿ ವಿವರಿಸಲು ಒದ್ದಾಡಿದ್ದೇನೆ. ಟೀ ಜಾಸ್ತಿ ಕುದಿಸಿದ ಹಾಗೆ ಅಂತ ಸುತ್ತಿ ಬಳಸಿ ಹೇಳಬೇಕು. ನಮಗೆ ಒಂದೇ ಪದ ಸಾಕು. ನೆಲ್ಲಿಕಾಯಿ, ನೇರಳೆ, ಬಾಳೆದಿಂಡು, ಅಡಿಕೆ, ಚಿಕ್ಕಂದಿನಿಂದ ತಿಂದಿರುತ್ತೇವೆ. ನಾಲಿಗೆ ಒಣಗಿಸಿ ಹಿಡಿದುಕೊಳ್ಳುವುದು ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಗಿರಿನಗರದ ಗೂಬೆ

ನೇರಳೆ! ಐದನೇ ಗ್ಲಾಸು, ಶಿರಾಜ್. ಅದೇ. ಆವತ್ತು ಹೆಸರು ಸಿಗದೆ ಒದ್ದಾಡಿದ್ದೆ. ಮುಂಬೈನವರು ಬ್ಲ್ಯಾಕ್‌ಬೆರಿ ಅಂದರು. ನಾನು ಬ್ಲ್ಯಾಕ್‌ಬೆರಿ ಅಂತ ನೋಡಿದ್ದು ಫೋನ್ ಮಾತ್ರ.

ಇಲ್ಲೇ ಒಂದು ಪಟ್ಟಿ ಮಾಡೋಣ್ವಾ? ನಮ್ಮ ಮೂಗಿಗೆ ಬಂದದ್ದು: ಬಿಳಿಯಲ್ಲಿ ಶೆನಿನ್ ಬ್ಲಾಂ ಅರ್ಧ ಮಾಗಿದ ಸೀಬೆಹಣ್ಣು. ರೋಸೆ ಏನೂ ಇಲ್ಲ, ತಣ್ಣಗಿತ್ತು. ಕೆಂಪಿನಲ್ಲಿ ಕ್ಯಾಬರ್ನೆ ಹಳೇ ಮರದ ಪೆಟ್ಟಿಗೆ ತೆಗೆದಾಗ ಬರುವ ವಾಸನೆ, ಅಜ್ಜಿಯ ರೇಷ್ಮೆ ಸೀರೆ ಇಡುತ್ತಿದ್ದರಲ್ಲ ಅದು.

ಗೋದಾವರಿ ದಂಡೆ

ಮರದ ಪೆಟ್ಟಿಗೆ ಸರಿಯಾಗೇ ಹೇಳಿದ್ದೀರಿ, ಅದು ಓಕ್ ಪೀಪಾಯಿಯ ಕೊಡುಗೆ. ರೋಸೆಯಲ್ಲಿ ಏನೂ ಬರಲಿಲ್ಲ ಅಂದರೆ ಅತಿ ತಣ್ಣಗೆ ಕೊಟ್ಟಿರಬೇಕು. ಫ್ರಿಜ್ಜಿನಿಂದ ತೆಗೆದ ಹುಳಿಗೂ ವಾಸನೆ ಇರುವುದಿಲ್ಲ ತಾನೇ? ಕೈಯಲ್ಲಿ ಗ್ಲಾಸು ಹಿಡಿದು ಐದು ನಿಮಿಷ ಕಾಯಬೇಕು.

ಕೆಂಪು ವೈನಿಗೆ ಉಲ್ಟಾ. ರೂಮ್ ಟೆಂಪರೇಚರ್‌ನಲ್ಲಿ ಕುಡಿಯಬೇಕು ಅಂತ ಎಲ್ಲರೂ ಓದಿರುತ್ತಾರೆ. ಅದು ಯಾರ ರೂಮು? ಆ ಮಾತು ಹುಟ್ಟಿದ ದೇಶದ ಕಲ್ಲಿನ ಮನೆಯ ರೂಮು, 16ರಿಂದ 18 ಡಿಗ್ರಿ. ನಮ್ಮ ಮೇ ತಿಂಗಳ ರೂಮಿನಲ್ಲಿ ಇಟ್ಟರೆ ಕಷಾಯ ಆಗುತ್ತದೆ. ಕೆಂಪು ವೈನನ್ನೂ ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಡಿ. ಯಾರಾದರೂ ನಕ್ಕರೆ ನಗಲಿ.

ದೊಡ್ಡಬಳ್ಳಾಪುರ ಲೋಕಲ್

ಎಲ್ಲರೂ ನಾಶಿಕ್ ನಾಶಿಕ್ ಅಂತಿದ್ದೀರಿ. ನಂದಿ ಬೆಟ್ಟದ ಬುಡದಲ್ಲಿ ಇರುವುದು ಕಾಣಲಿಲ್ವಾ?

ನಮ್ಮೂರಿನ ಹತ್ತಿರ ರಘುನಾಥಪುರದಲ್ಲಿ ಗ್ರೋವರ್ ತೋಟ ಇದೆ, ದೇವನಹಳ್ಳಿ ರಸ್ತೆಯಲ್ಲಿ. ಕನ್ವಲ್ ಗ್ರೋವರ್ ಇದನ್ನು ಶುರು ಮಾಡಿದ್ದು 1988ರಲ್ಲಿ, ಸುಲಾಗಿಂತ ಹನ್ನೊಂದು ವರ್ಷ ಮೊದಲು. ಫ್ರಾನ್ಸಿನಿಂದ ಬಳ್ಳಿ ತರಿಸಿ ಯಾವುದು ಈ ಮಣ್ಣಿಗೆ ಹೊಂದುತ್ತದೆ ಅಂತ ವರ್ಷಗಟ್ಟಲೆ ನೋಡಿದರು. ಬೋರ್ಡೋದ ಹೆಸರಾಂತ ವೈನ್ ತಜ್ಞ ಮಿಶೆಲ್ ರೊಲಾಂ 1990ರ ದಶಕದಿಂದ ಸಲಹೆ ಕೊಡುತ್ತಿದ್ದರು. 2012ರಲ್ಲಿ ನಾಶಿಕ್ ಕಡೆಯ ಕಂಪನಿ ಜೊತೆ ಸೇರಿ ಗ್ರೋವರ್ ಝಾಂಪಾ ಆಯ್ತು. ಬೆಂಗಳೂರಿಂದ ಒಂದೂವರೆ ಗಂಟೆ. ಬೆಳಗ್ಗೆ ಹೋಗಿ ಸಂಜೆ ಬರಬಹುದು.

ನಮ್ಮ ಸರ್ಕಾರವೂ 2007ರಲ್ಲಿ ವೈನ್ ನೀತಿ ತಂದಿತು. ಮಹಾರಾಷ್ಟ್ರಕ್ಕಿಂತ ಆರು ವರ್ಷ ತಡ. ಆ ಆರು ವರ್ಷ ಇವತ್ತಿಗೂ ಕಾಣುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ತೋಟದ ವಿಷಯದಲ್ಲಿ ನನಗೆ ಬೇರೆ ಹೊಟ್ಟೆಕಿಚ್ಚಿದೆ. ನಮ್ಮ ಮನೆಯಲ್ಲಿ ಬೆಂಗಳೂರು ಬ್ಲೂ ಇತ್ತು, ಚಪ್ಪರದ ಮೇಲೆ. ನೀವೆಲ್ಲ ತಿಂದಿರುತ್ತೀರಿ, ಕಪ್ಪಗೆ, ದಪ್ಪ ಸಿಪ್ಪೆ, ಹಿಸುಕಿದರೆ ಒಳಗಿನ ತಿರುಳು ಪುಳಕ್ ಅಂತ ಬಾಯಿಗೆ ಬರುತ್ತದೆ. 2013ರಲ್ಲಿ ಜಿಐ, ಅಂದರೆ ಇದು ಈ ಊರಿನ ಬೆಳೆ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಅದರ ವಾಸನೆ ಬೇರೆ ಯಾವ ದ್ರಾಕ್ಷಿಗೂ ಇಲ್ಲ. ಆದರೆ ವೈನ್ ಬಲ್ಲವರ ಮುಂದೆ ಅದರ ಹೆಸರು ಹೇಳಿದರೆ ಮೂಗು ಮುರಿಯುತ್ತಾರೆ. ಅದರ ಮೂಲ ಅಮೆರಿಕದ ಜಾತಿ, ಆ ಗಾಢ ವಾಸನೆ ವೈನಿಗೆ ಒಗ್ಗುವುದಿಲ್ಲ ಅಂತ. ಅಗ್ಗದ ಸಿಹಿ ವೈನಿಗೆ, ಜ್ಯೂಸಿಗೆ ಅಷ್ಟೇ ಅಂತ. ಇರಲಿ. ಕ್ರಿಸ್‌ಮಸ್‌ಗೆ ಪಕ್ಕದ ಮನೆಯ ಆಂಟಿ ಭರಣಿಯಲ್ಲಿ ಮಾಡುತ್ತಿದ್ದ ವೈನ್ ಅದರದ್ದೇ. ಲವಂಗ, ಚಕ್ಕೆ, ಒಂದು ಹಿಡಿ ಗೋಧಿ. ಅದಕ್ಕೆ ನಾನು ನಿಮ್ಮ ಆರು ಗ್ಲಾಸನ್ನೂ ಬಿಟ್ಟುಕೊಡುತ್ತೇನೆ.

ಮತ್ತೆ, ಈ ಕಡೆ ಬರುವವರು ಕಾರು ಓಡಿಸಲು ಕುಡಿಯದವರೊಬ್ಬರನ್ನು ಕರೆತನ್ನಿ. ಬರೀ ಟೇಸ್ಟಿಂಗ್ ತಾನೇ ಅಂತ ಅಂದುಕೊಳ್ಳಬೇಡಿ. ಕಾನೂನಿನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. ಆರು ಗ್ಲಾಸಿನ ತಳ ಸೇರಿಸಿದರೆ ಒಂದು ದೊಡ್ಡ ಗ್ಲಾಸು ಆಗುತ್ತದೆ.

ನರ್ಸಕ್ಕ

ಲೋಕಲ್ ಹೇಳಿದ್ದು ಸರಿ. ಅದಕ್ಕೇ ಟೇಸ್ಟಿಂಗ್ ಟೇಬಲ್ ಮೇಲೆ ಉಗುಳಲು ಪಾತ್ರೆ ಇಟ್ಟಿರುತ್ತಾರೆ. ವೈನ್ ತಜ್ಞರು ದಿನಕ್ಕೆ ಹತ್ತಾರು ರುಚಿ ನೋಡುತ್ತಾರೆ, ಎಲ್ಲಾ ಉಗುಳುತ್ತಾರೆ. ನಮ್ಮವರು ಮಾತ್ರ ದುಡ್ಡು ಕೊಟ್ಟಿದ್ದೇವೆ ಅಂತ ನುಂಗುತ್ತಾರೆ.

ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು ಅಂತ ಯಾರಾದರೂ ಬರೆಯುವ ಮುಂಚೆ ನಾನೇ ಬರೆಯುತ್ತೇನೆ. ಇಷ್ಟು ಕುಡಿದರೆ ಸುರಕ್ಷಿತ ಅನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ವೈನಿಗೂ ಅದು ಅನ್ವಯಿಸುತ್ತದೆ. ಇಷ್ಟ ಅಂತ ಕುಡಿಯಿರಿ, ಔಷಧಿ ಅಂತ ಕುಡಿಯಬೇಡಿ.

ಗಿರಿನಗರದ ಗೂಬೆ

ಉಗುಳುವ ಪಾತ್ರೆ ಇತ್ತು ಅಕ್ಕಾ. ಸ್ಟೀಲಿನದು. ಯಾರೂ ಮುಟ್ಟಲಿಲ್ಲ. ಇವಳೊಬ್ಬಳೇ ನಾಚಿಕೆ ಇಲ್ಲದೆ ಪಕ್ಕಕ್ಕೆ ಎಳೆದುಕೊಂಡು ಉಗುಳಿದಳು. ಅವರಜ್ಜಿ ಮನೆಯಲ್ಲಿ ಪೀಕದಾನಿ ಇತ್ತಂತೆ, ಹಿತ್ತಾಳೆಯದು. ಎಲೆ ಅಡಿಕೆ ಉಗುಳುವುದನ್ನು ನೋಡಿ ಬೆಳೆದವಳಿಗೆ ಇದೇನು ಮಹಾ ಅಂದಳು.

ಲೆಕ್ಕಾಚಾರಿ

ಸರಿ, ಸ್ವಲ್ಪ ಮೆತ್ತಗಾಗಿದ್ದೇನೆ. ಆದರೂ ಒಂದು ಪ್ರಶ್ನೆ. ಒಂದು ಬಾಟಲಿಗೆ ಎಷ್ಟು ದ್ರಾಕ್ಷಿ ಬೇಕು? ಬೆಳೆದವನಿಗೆ ಎಷ್ಟು ಸಿಗುತ್ತದೆ?

ತಿಕೋಟಾ ತೋಟದವ

750 ಮಿಲಿ ಬಾಟಲಿಗೆ ಒಂದು ಕಿಲೋ ಮೇಲೆ ಸ್ವಲ್ಪ ಬೇಕು. ರೈತನಿಗೆ ಎಷ್ಟು ಅನ್ನುವುದು ಅವನ ಒಪ್ಪಂದದ ಮೇಲೆ. ವೈನ್ ಕಂಪನಿಗಳು ಮೊದಲೇ ದರ ಮಾತಾಡಿಕೊಂಡು ಬೆಳೆಸುತ್ತವೆ. ಎಕರೆಗೆ ಇಳುವರಿ ಕಡಿಮೆ ಇಡಲು ಹೇಳುತ್ತವೆ, ಗೊನೆ ಕಡಿಮೆ ಇದ್ದರೆ ರುಚಿ ಗಟ್ಟಿ. ನನಗೆ ಅದೇ ಹೊಟ್ಟೆಗಿಳಿಯುವುದಿಲ್ಲ. ಬಂದ ಗೊನೆಯನ್ನು ಕತ್ತರಿಸಿ ನೆಲಕ್ಕೆ ಹಾಕುವುದು ಅಂದರೆ! ನಮ್ಮಪ್ಪ ಇದ್ದಿದ್ದರೆ ಕತ್ತರಿ ಕಸಿದುಕೊಳ್ಳುತ್ತಿದ್ದರು.

ನಮ್ಮ ಮಣೂಕದ ಲೆಕ್ಕ ಬೇರೆ. ನಾಲ್ಕು ಕಿಲೋ ಹಸಿ ಹಣ್ಣಿಗೆ ಒಂದು ಕಿಲೋ. ಹಣ್ಣು ಕೊಯ್ದು ಎಣ್ಣೆ ಮತ್ತು ಪೌಡರ್ ಕಲಸಿದ ನೀರಿನಲ್ಲಿ ಅದ್ದಿ, ಶೆಡ್ಡಿನಲ್ಲಿ ಜಾಲರಿ ಮೇಲೆ ಹರವುತ್ತೇವೆ. ಹದಿನೈದು ಇಪ್ಪತ್ತು ದಿನ ಗಾಳಿಗೆ ಒಣಗಬೇಕು. ಆ ಹದಿನೈದು ದಿನ ಮಳೆ ಬಂದರೆ ಬಣ್ಣ ಕೆಟ್ಟು ದರ ಅರ್ಧ. ರಾತ್ರಿ ನಿದ್ದೆ ಬರಲ್ಲ. ಜನ ದುಡ್ಡು ಕೊಟ್ಟು ತೋಟದಲ್ಲಿ ಮಲಗಲು ಹೋಗುತ್ತಾರೆ ಅಂದರೆ ನಮ್ಮ ಮನೆಯವರು ನಂಬುತ್ತಿಲ್ಲ. ನಾವು ಸುಮ್ನೆ ಮಲಗುತ್ತೇವೆ, ಅದೂ ಚಿಂತೆಯಲ್ಲಿ.

ಸೌತೆಬೀಜ

ಅಣ್ಣಾ, ನಿಮ್ಮ ಶೆಡ್ ನೋಡಲು ಯಾವ ತಿಂಗಳು ಬರಬೇಕು? ಕುಡಿಯದವರಿಗೆ ಅದೇ ಸರಿಯಾದ ಜಾಗ ಅನಿಸುತ್ತಿದೆ.

ಗಿರಿನಗರದ ಗೂಬೆ

ನಾವೂ ಬರುತ್ತೇವೆ. ಇವಳಿಗೆ ಈಗ ಕಣ್ಣಿನಿಂದ ಹೊರಗೆ ಬಂದ ಗೊನೆ ನೋಡಲೇಬೇಕಂತೆ. ರೂಮಿಗೆ ಎಷ್ಟು?

ತಿಕೋಟಾ ತೋಟದವ

ಮಾರ್ಚ್ ಮೊದಲ ವಾರ ಬರ್ರಿ. ಬಳ್ಳಿ ಮೇಲೂ ಇರುತ್ತದೆ, ಶೆಡ್ಡಿನಲ್ಲೂ ಇರುತ್ತದೆ. ರೂಮಿಲ್ಲ, ಮನೆ ಇದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು ಸಿಗುತ್ತದೆ. ವೈನ್ ಇಲ್ಲ. ದಾರಿ ಎಲ್ಲಾ ಬೇರೆಯಾಗಿ ಮೆಸೇಜ್ ಮಾಡುತ್ತೇನೆ.

ಒಳ್ಳೇ ಚಪ್ಪಲಿ ಹಾಕಿಕೊಂಡು ಬರಬೇಡಿ. ಅದ್ದುವ ನೀರು ಬಿದ್ದರೆ ಜಾರುತ್ತದೆ, ಆಮೇಲೆ ಎಷ್ಟು ತೊಳೆದರೂ ಅಂಟು ಹೋಗಲ್ಲ.